ಫಾತಿಮಾ: ತಡವಾಗಿ ಹೇಳಿದ ಒಂದು ಅರ್ಥ

ಶಾಲಾ ವರ್ಷದ ಮೊದಲ ದಿನ ಹಾಜರಿ ಕರೆಯುತ್ತಾ ಮಕ್ಕಳಿಗೆ ಅವರವರ ಹೆಸರಿನ ಅರ್ಥವನ್ನು ಹೇಳುವುದು ನನ್ನ ರೂಢಿಯಾಗಿತ್ತು. ಶಾರದಾ, ಸುಮನಾ, ವಿನಯ ಮುಂತಾದ ಹೆಸರುಗಳಿಗೆ ಅರ್ಥ ಹುಡುಕುವ ಶ್ರಮವೇ ಇರಲಿಲ್ಲ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನನ್ನ ಹೆಸರಿಗೆ ಅರ್ಥವಿಲ್ಲವೇ?" ಎಂದು ಕೇಳಿದಳು. ಅವಳ ಹೆಸರು ಫಾತಿಮಾ. ನನಗೆ ತಿಳಿದಿರಲಿಲ್ಲ. "ನಾಳೆ ಹೇಳುತ್ತೇನಮ್ಮ" ಎಂದು ಮುಂದಿನ ಹೆಸರನ್ನು ಕರೆದೆ. ಆ ನಾಳೆ ಬರಲೇ ಇಲ್ಲ. ಚರಿತ್ರೆ ಬೋಧಿಸುತ್ತಿದ್ದವನ ಮೇಲೆ ಉಳಿದುಹೋದ ಆ ಋಣವನ್ನು ಇಂದು ತೀರಿಸುತ್ತಿದ್ದೇನೆ.

ಅರಬ್ಬಿ ಭಾಷೆಯಲ್ಲಿ ಬಹುತೇಕ ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಫ-ತ-ಮ ಎಂಬ ಧಾತುವಿಗೆ ಮಗುವಿಗೆ ಮೊಲೆಹಾಲು ಬಿಡಿಸುವುದು ಎಂದರ್ಥ. ಫಾತಿಮಾ ಎಂದರೆ ಹಾಲು ಬಿಡಿಸುವವಳು. ಎಳೆಗೂಸುಗಳು ಉಳಿಯುವುದೇ ಕಷ್ಟವಾಗಿದ್ದ ಕಾಲದಲ್ಲಿ, ಹೆತ್ತ ಮಗು ಅನ್ನ ತಿನ್ನುವಷ್ಟು ಬೆಳೆಯುವುದನ್ನು ಕಾಣುವುದು ತಾಯಿಯ ಭಾಗ್ಯವೇ ಸರಿ. ಈ ಹೆಸರಿನಲ್ಲಿ ಅಂಥದೊಂದು ಹಾರೈಕೆ ನನಗೆ ಕೇಳಿಸುತ್ತದೆ.

ಹೆಸರಿಗೆ ಹಿರಿಮೆ ತಂದವರು ಪ್ರವಾದಿ ಮುಹಮ್ಮದರ ಮಗಳು ಫಾತಿಮಾ. ತಂದೆ ತೀರಿಕೊಂಡ ಕ್ರಿ.ಶ. 632ರಲ್ಲೇ, ಕೆಲವು ತಿಂಗಳುಗಳ ಅಂತರದಲ್ಲಿ, ಅವರೂ ಮದೀನಾದಲ್ಲಿ ತೀರಿಕೊಂಡರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಆಚರಿಸುವ ಮೊಹರಂನಲ್ಲಿ, ರಿವಾಯತ ಪದಗಳಲ್ಲಿ ನೆನೆಯುವ ಹಸನ್ ಹುಸೇನರ ತಾಯಿ ಇವರೇ. ಅವರ ವಂಶದವರೆಂದು ಹೇಳಿಕೊಂಡ ಫಾತಿಮೀ ಖಲೀಫರು 909ರಿಂದ 1171ರವರೆಗೆ ಆಳಿದರು. 969ರಲ್ಲಿ ಈಜಿಪ್ಟನ್ನು ಗೆದ್ದು ಕೈರೋ ನಗರವನ್ನು ಕಟ್ಟಿದರು. ಅಲ್ಲಿನ ಹೆಸರಾಂತ ವಿದ್ಯಾಕೇಂದ್ರ ಅಲ್-ಅಝರ್‌ನ ಹೆಸರು ಫಾತಿಮಾರ 'ಝಹ್ರಾ', ಅಂದರೆ ಕಾಂತಿಯುತಳು, ಎಂಬ ಬಿರುದಿನಿಂದ ಬಂದುದೆಂದು ಪ್ರತೀತಿ.

ನಮ್ಮ ನೆರೆಯ ಕೇರಳದಲ್ಲಿ ಈ ಹೆಸರು ಮನೆಮಾತಿನಲ್ಲಿ ಪಾತುಮ್ಮ ಆಯಿತು. ವೈಕಂ ಮುಹಮ್ಮದ್ ಬಷೀರರ 'ಪಾತುಮ್ಮಳ ಆಡು' ಓದಿದವರಿಗೆ ಅದು ಪರಿಚಿತ. ಅದೇ ಕೇರಳದ ಎಂ. ಫಾತಿಮಾ ಬೀವಿಯವರು 1989ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. 2023ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಇಷ್ಟೆಲ್ಲ ಒಂದು ಹೆಸರಿನೊಳಗೆ ಇತ್ತು. ನಾನು ಅದನ್ನು ಪ್ರತಿದಿನ ಕೂಗಿ, 'ಹಾಜರ್ ಸರ್' ಎಂಬ ಉತ್ತರ ಕೇಳಿ, ಗುರುತು ಹಾಕಿ ಮುಂದಕ್ಕೆ ಹೋಗುತ್ತಿದ್ದೆ. ಅಮ್ಮಾ ಫಾತಿಮಾ, ನೀನೀಗ ಎಲ್ಲಿರುವೆಯೋ ನಾನರಿಯೆ. ಇದು ನಿನ್ನ ಕಣ್ಣಿಗೆ ಬಿದ್ದರೆ, ನಿನ್ನ ಮೇಷ್ಟ್ರ ವಿಳಂಬವನ್ನು ಮನ್ನಿಸು.