ಹಳೆಯ ಮೋಟಾರು ಗಾಡಿಗಳ ಜೀರ್ಣೋದ್ಧಾರ ಮತ್ತು ಇತಿಹಾಸದ ಪ್ರಮಾಣ

ಇತಿಹಾಸದ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತ, ಕಟ್ಟಡಗಳು ನಮ್ಮ ನೆನಪಿಗೆ ಬರುತ್ತವೆ. ಯಂತ್ರಗಳನ್ನು ಆ ಸಾಲಿನಲ್ಲಿ ಎಣಿಸುವ ವಾಡಿಕೆ ನಮ್ಮ ಅಧ್ಯಯನದಲ್ಲಿ ಇನ್ನೂ ಬೇರೂರಿಲ್ಲ. ಆದರೂ ಕಳೆದ ನೂರು ಮೂವತ್ತು ವರ್ಷಗಳ ಜನಜೀವನವನ್ನು ಮೋಟಾರು ಗಾಡಿಯಷ್ಟು ಮಾರ್ಪಡಿಸಿದ ವಸ್ತುಗಳು ವಿರಳ. ಆರಂಭಕಾಲದ ಗಾಡಿಗಳಲ್ಲಿ ಇಂದು ಉಳಿದಿರುವ ಬಹುಪಾಲು ಉಳಿದಿರುವುದು, ಅವನ್ನು ಕೊಂಡು, ಬಿಚ್ಚಿ, ಸರಿಪಡಿಸಿ ಓಡಿಸುವುದನ್ನು ಹವ್ಯಾಸವಾಗಿ ಕೈಗೊಂಡವರಿಂದ. ಇಂಥ ಹವ್ಯಾಸಿಯ ಕೈಯಲ್ಲಿ ಹೊಸತರಂತೆ ಹೊಳೆಯುವ ಗಾಡಿಯನ್ನು ಇತಿಹಾಸದ ವಿದ್ಯಾರ್ಥಿಯು ಎಷ್ಟರಮಟ್ಟಿಗೆ ಪ್ರಮಾಣವಾಗಿ ಸ್ವೀಕರಿಸಬಹುದು? ಈ ಪ್ರಶ್ನೆಯನ್ನು ಮುಖ್ಯವಾಗಿ ಇಂಗ್ಲೆಂಡಿನ ನಿದರ್ಶನಗಳ ಆಧಾರದ ಮೇಲೆ ಇಲ್ಲಿ ಪರಿಶೀಲಿಸುತ್ತೇವೆ.

ಈ ಹವ್ಯಾಸವು ಸಂಘಟಿತ ರೂಪ ತಳೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ೧೮೬೫ರ ಕಾನೂನಿನಂತೆ ಯಂತ್ರಬಲದ ಗಾಡಿಗಳು ಹೊರದಾರಿಯಲ್ಲಿ ಗಂಟೆಗೆ ೪ ಮೈಲಿಗಿಂತಲೂ, ಊರೊಳಗೆ ೨ ಮೈಲಿಗಿಂತಲೂ ವೇಗವಾಗಿ ಹೋಗುವಂತಿರಲಿಲ್ಲ. ಕೆಂಪು ಬಾವುಟ ಹಿಡಿದ ಒಬ್ಬನು ಮುಂದೆ ನಡೆಯಬೇಕಾಗಿತ್ತು. ಬಾವುಟದ ಕಡ್ಡಾಯವು ೧೮೭೮ರಲ್ಲಿ ಸಡಿಲಗೊಂಡರೂ ಮುಂದೆ ನಡೆಯುವವನು ಉಳಿದುಕೊಂಡನು. ೧೮೯೬ರ ಕಾನೂನು ಹಗುರವಾದ ಗಾಡಿಗಳನ್ನು ಈ ಕಟ್ಟಿನಿಂದ ಬಿಡಿಸಿ ವೇಗದ ಮಿತಿಯನ್ನು ೧೪ ಮೈಲಿಯವರೆಗೆ ಏರಿಸಿತು. ಅದು ಜಾರಿಗೆ ಬಂದ ದಿನವಾದ ೧೮೯೬ರ ನವೆಂಬರ್ ೧೪ರಂದು ಮೋಟಾರು ಪ್ರಿಯರು ಲಂಡನ್ನಿನಿಂದ ಬ್ರೈಟನ್ನಿಗೆ ‘ವಿಮೋಚನೆಯ ಓಟ’ವನ್ನು ನಡೆಸಿದರು. ೧೯೨೭ರಲ್ಲಿ ಪತ್ರಿಕೆಯೊಂದರ ಆಶ್ರಯದಲ್ಲಿ ಈ ಓಟದ ಸ್ಮರಣೆಗಾಗಿ ಹಳೆಯ ಗಾಡಿಗಳನ್ನು ಅದೇ ದಾರಿಯಲ್ಲಿ ಮತ್ತೆ ಓಡಿಸಲಾಯಿತು. ಜನರು ಇದನ್ನು ಮುದಿಗಾಡಿಗಳ ಓಟವೆಂದು ನಗೆಯಾಡಿದರು. ಆದರೆ ಗುಜರಿಯ ಪಾಲಾಗಬೇಕಾಗಿದ್ದ ಎಷ್ಟೋ ಗಾಡಿಗಳಿಗೆ ಈ ನಗೆಯೇ ಜೀವದಾನ ಮಾಡಿತೆನ್ನಬಹುದು.

ಹವ್ಯಾಸವು ಶಾಸ್ತ್ರವಾಗುವ ಮೊದಲ ಹೆಜ್ಜೆ ೧೯೩೦ರಲ್ಲಿ ಕಾಣುತ್ತದೆ. ಆ ವರ್ಷ ‘ವೆಟರನ್ ಕಾರ್ ಕ್ಲಬ್’ ಸ್ಥಾಪನೆಯಾಯಿತು. ಬ್ರೈಟನ್ ಓಟಕ್ಕೆ ೧೯೦೫ಕ್ಕೆ ಮುಂಚೆ ತಯಾರಾದ ಗಾಡಿಗಳಿಗೆ ಮಾತ್ರ ಪ್ರವೇಶವೆಂಬ ನಿಯಮವು ನೆಲೆಗೊಂಡಿತು. ಹೀಗಾದ ಮೇಲೆ ಗಾಡಿಯ ಕಾಲನಿರ್ಣಯವು ಕೇವಲ ಕುತೂಹಲದ ವಿಷಯವಾಗಿ ಉಳಿಯಲಿಲ್ಲ. ಮಾಲೀಕನ ಮಾತನ್ನು ಹಾಗೆಯೇ ನಂಬದೆ, ಎಂಜಿನ್ ಮತ್ತು ಅಡಿಚೌಕಟ್ಟಿನ ಸಂಖ್ಯೆ, ಭಾಗಗಳ ರಚನೆ, ಅಂದಿನ ಬೆಲೆಪಟ್ಟಿ, ಛಾಯಾಚಿತ್ರ ಇವುಗಳನ್ನು ಹೋಲಿಸಿ ನೋಡಿದ ಬಳಿಕ ಪ್ರಮಾಣಪತ್ರ ನೀಡುವ ಪದ್ಧತಿ ಆ ಸಂಘದಲ್ಲಿ ಬೆಳೆಯಿತು. ಶಾಸನತಜ್ಞನು ಲಿಪಿಯನ್ನು ನೋಡಿ ತಾಮ್ರಪಟದ ಕಾಲವನ್ನು ಪರೀಕ್ಷಿಸುವ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಹತ್ತನೆಯ ಶತಮಾನದ್ದೆಂದು ಹೇಳಿಕೊಳ್ಳುವ ಪಟದಲ್ಲಿ ಹದಿನಾಲ್ಕನೆಯ ಶತಮಾನದ ಅಕ್ಷರಗಳು ಕಂಡರೆ ನಾವು ಸಂಶಯಪಡುತ್ತೇವೆ. ಅಂತೆಯೇ ೧೯೧೦ರ ಗಾಡಿಯ ದೀಪಗಳು ಕ್ರೋಮಿಯಂ ಲೇಪದಿಂದ ಹೊಳೆಯುತ್ತಿದ್ದರೆ ಬಲ್ಲವರು ಸಂಶಯಪಡುತ್ತಾರೆ. ಏಕೆಂದರೆ ಆ ಲೇಪವು ಮೋಟಾರುಗಳಲ್ಲಿ ಬಳಕೆಗೆ ಬಂದದ್ದು ೧೯೨೦ರ ದಶಕದ ಉತ್ತರಾರ್ಧದಲ್ಲಿ. ಅದಕ್ಕೆ ಹಿಂದೆ ಹಿತ್ತಾಳೆ ಮತ್ತು ನಿಕ್ಕಲ್ ಲೇಪಗಳೇ ರೂಢಿಯಲ್ಲಿದ್ದವು.

ಆದರೆ ಜೀರ್ಣೋದ್ಧಾರದ ಕೆಲಸದಲ್ಲಿಯೇ ಒಂದು ವಿಪರ್ಯಾಸವಿದೆ. ಗಾಡಿಯ ಮೈಯನ್ನು ಚೌಕಟ್ಟಿನಿಂದ ಬೇರ್ಪಡಿಸಿ, ಕೊಳೆತ ಮರದ ಅಸ್ಥಿಪಂಜರದ ಬದಲು ಹೊಸ ಮರವನ್ನು ಜೋಡಿಸಿ, ಸವೆದ ಬೇರಿಂಗುಗಳಿಗೆ ಬಿಳಿಲೋಹವನ್ನು ಮರಳಿ ಎರೆದು, ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆದರೆ ಗಾಡಿ ಓಡುವುದೇನೋ ನಿಜ. ಆದರೆ ಆ ಬಣ್ಣದ ಪದರಗಳಲ್ಲಿ ಕುಂಚದಿಂದ ಬಳಿದ ಆದಿಯ ವಾರ್ನಿಷು ಇತ್ತೇ, ಅನಂತರದ ಮಾಲೀಕನು ಬಳಿಸಿದ ಬೇರೆ ಬಣ್ಣವಿತ್ತೇ ಎಂಬುದು ಮತ್ತೆ ತಿಳಿಯುವಂತಿಲ್ಲ. ಚರ್ಮದ ಆಸನದ ಸವೆತವು, ಯಾರು ಎಲ್ಲಿ ಕುಳಿತು ಎಷ್ಟು ಕಾಲ ನಡೆಸಿದರೆಂಬುದಕ್ಕೆ ಸಾಕ್ಷಿಯಾಗಿತ್ತು. ಹೊಸ ಚರ್ಮವು ಆ ಸಾಕ್ಷಿಯನ್ನು ಮುಚ್ಚಿಬಿಡುತ್ತದೆ. ಸವೆದ ಶಾಸನದ ಅಕ್ಷರಗಳನ್ನು ಉಳಿಯಿಂದ ಮತ್ತೆ ಕೆತ್ತಿದರೆ ಓದು ಸುಲಭವಾಗುತ್ತದೆ. ಆದರೆ ಓದುವುದು ಶಾಸನವನ್ನೋ ಕೆತ್ತಿದವನ ಊಹೆಯನ್ನೋ ಎಂಬ ಶಂಕೆ ಉಳಿಯುತ್ತದೆ.

ಈ ಶಂಕೆಯು ಒಮ್ಮೆ ಲಂಡನ್ನಿನ ನ್ಯಾಯಾಲಯದವರೆಗೂ ಹೋಯಿತು. ‘ಓಲ್ಡ್ ನಂಬರ್ ಒನ್’ ಎಂದು ಪ್ರಸಿದ್ಧವಾದ ಬೆಂಟ್ಲಿ ಗಾಡಿಯು ಫ್ರಾನ್ಸಿನ ಲ ಮಾನ್ ಪಂದ್ಯವನ್ನು ೧೯೨೯ ಮತ್ತು ೧೯೩೦ರಲ್ಲಿ ಗೆದ್ದಿತ್ತು. ಪಂದ್ಯಕ್ಕಾಗಿ ಅದನ್ನು ಮತ್ತೆ ಮತ್ತೆ ಮಾರ್ಪಡಿಸಲಾಯಿತು. ೧೯೩೨ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ ಅಪಘಾತದಲ್ಲಿ ಅದರ ಚಾಲಕ ಕ್ಲೈವ್ ಡನ್‌ಫೀ ಮೃತನಾದ ಮೇಲೆ ಅದು ಪುನಃ ಬೇರೆಯ ರೂಪವನ್ನು ಪಡೆಯಿತು. ೧೯೯೦ರಲ್ಲಿ ಒಂದು ಕೋಟಿ ಪೌಂಡುಗಳಿಗೆ ಇದರ ಮಾರಾಟದ ಒಪ್ಪಂದವಾದಾಗ, ಇದು ಆ ಗಾಡಿಯೇ ಅಲ್ಲವೆಂದು ಕೊಳ್ಳುವವರು ವಾದಿಸಿದರು. ಗೆದ್ದ ದಿನದ ಭಾಗಗಳಲ್ಲಿ ಉಳಿದದ್ದು ಅತ್ಯಲ್ಪವೆಂಬುದು ವಿಚಾರಣೆಯಲ್ಲಿ ವ್ಯಕ್ತವಾಯಿತು. ಆದರೂ ನ್ಯಾಯಮೂರ್ತಿ ಆಟನ್ ಅವರು ಮಾರಿದವನ ಪರವಾಗಿ ತೀರ್ಪಿತ್ತರು. ಆದಿರೂಪದಲ್ಲಿ ಉಳಿದಿರುವುದು ಬೇರೆ, ಅಧಿಕೃತವಾಗಿರುವುದು ಬೇರೆ. ಗಾಡಿಯ ಚರಿತ್ರೆಯು ಎಲ್ಲಿಯೂ ಕಡಿದುಹೋಗಿಲ್ಲವಾದುದರಿಂದ ಇದೇ ಅಧಿಕೃತವಾದ ಗಾಡಿ ಎಂಬುದು ಆ ತೀರ್ಪಿನ ಸಾರ. ನಮ್ಮ ದೃಷ್ಟಿಯಲ್ಲಿ ಇದರ ಮಹತ್ತ್ವ ಹಿರಿದು. ವಸ್ತುವಿನ ದ್ರವ್ಯವು ಬದಲಾದರೂ ಪ್ರಮಾಣವು ಉಳಿಯಬಲ್ಲದು. ಆದರೆ ಬದಲಾವಣೆಯ ವೃತ್ತಾಂತವು ತಿಳಿದಿದ್ದಾಗ ಮಾತ್ರ.

ಇದಕ್ಕೆ ಎದುರಾದ ಇನ್ನೊಂದು ನಿದರ್ಶನವನ್ನೂ ನೋಡಬಹುದು. ಇಟಲಿ ಮತ್ತು ಸ್ವಿಟ್ಜರ್‌ಲ್ಯಾಂಡುಗಳ ನಡುವಣ ಮಾಜ್ಜೋರೆ ಸರೋವರದ ತಳದಲ್ಲಿ ಎಪ್ಪತ್ತಕ್ಕೂ ಹೆಚ್ಚು ವರ್ಷ ಮುಳುಗಿದ್ದ ೧೯೨೫ರ ಬುಗಾಟಿ ಗಾಡಿಯೊಂದನ್ನು ೨೦೦೯ರಲ್ಲಿ ಮೇಲೆತ್ತಲಾಯಿತು. ಮರುವರ್ಷ ಪ್ಯಾರಿಸ್ಸಿನ ಹರಾಜಿನಲ್ಲಿ ಅದಕ್ಕೆ ಎರಡೂವರೆ ಲಕ್ಷ ಯೂರೋಗಳಿಗೂ ಮಿಕ್ಕ ಬೆಲೆ ಬಂತು. ಕೊಂಡವರು ಅದನ್ನು ಸರಿಪಡಿಸಲಿಲ್ಲ. ತುಕ್ಕು ಹಿಡಿದ ಸ್ಥಿತಿಯಲ್ಲಿಯೇ ಕ್ಯಾಲಿಫೋರ್ನಿಯದ ಸಂಗ್ರಹಾಲಯದಲ್ಲಿ ಪ್ರದರ್ಶಿಸಿದರು. ಓಡುವ ಗಾಡಿಯು ಹೇಳಲಾರದ ಕಥೆಯನ್ನು ಈ ತುಕ್ಕು ಹೇಳುತ್ತದೆ. ಆದರೆ ಎಲ್ಲ ಗಾಡಿಗಳನ್ನೂ ಹೀಗೆಯೇ ಬಿಡಬೇಕೆಂದು ವಾದಿಸುವುದು ಸಲ್ಲದು. ಓಡುವುದು ಯಂತ್ರದ ಸ್ವಭಾವ. ಅದರ ಸದ್ದು, ವಾಸನೆ, ಗೇರು ಬದಲಿಸಲು ಬೇಕಾಗುವ ಶ್ರಮ ಇವು ನಿಂತ ಗಾಡಿಯಿಂದ ತಿಳಿಯಲಾರವು.

ಈ ಎರಡು ಧ್ಯೇಯಗಳ ನಡುವೆ ಹವ್ಯಾಸಿಗಳೇ ಒಂದು ಮಾರ್ಗವನ್ನು ಕಂಡುಕೊಂಡಿರುವುದು ಗಮನಾರ್ಹ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಅಂಗೀಕರಿಸಿದ ಟೂರಿನ್ ಸನ್ನದು, ಸ್ಮಾರಕಗಳ ರಕ್ಷಣೆಗಾಗಿ ೧೯೬೪ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನಿಂದ ಪ್ರೇರಿತವಾದುದು. ಗಾಡಿಯನ್ನು ಇದ್ದಂತೆ ಕಾಪಾಡುವುದಕ್ಕೂ ಪೂರ್ವರೂಪಕ್ಕೆ ತರುವುದಕ್ಕೂ ಅದು ಭೇದವೆಣಿಸುತ್ತದೆ; ಮಾಡಿದ ಕೆಲಸವನ್ನೆಲ್ಲ ದಾಖಲೆ ಮಾಡಬೇಕೆಂದು ವಿಧಿಸುತ್ತದೆ. ಅಮೆರಿಕದ ಪೆಬಲ್ ಬೀಚಿನಲ್ಲಿ ೧೯೫೦ರಿಂದ ನಡೆದುಬಂದಿರುವ ಸ್ಪರ್ಧೆಯಲ್ಲಿ, ೨೦೨೪ರಲ್ಲಿ ಮೊಟ್ಟಮೊದಲ ಬಾರಿಗೆ ಸಂರಕ್ಷಿತ ವರ್ಗದ ಗಾಡಿಯೊಂದು, ೧೯೩೪ರ ಬುಗಾಟಿ, ಪರಮ ಪ್ರಶಸ್ತಿಯನ್ನು ಪಡೆಯಿತು. ಹೊಳಪೊಂದೇ ಹಿರಿಮೆಯಲ್ಲವೆಂಬ ತಿಳಿವಳಿಕೆ ನಿಧಾನವಾಗಿ ಹರಡುತ್ತಿದೆಯೆಂದು ಇದರಿಂದ ಊಹಿಸಬಹುದು.

ಈ ವಿಚಾರವು ನಮ್ಮ ನಾಡಿಗೂ ಅನ್ವಯಿಸುತ್ತದೆ. ಧರ್ಮಸ್ಥಳದ ಸಂಗ್ರಹವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಖಾಸಗಿ ಮನೆಗಳಲ್ಲಿಯೂ ಹಳೆಯ ಗಾಡಿಗಳು ಉಳಿದಿವೆ. ವಿದ್ಯಾರ್ಥಿಗಳು ಅವುಗಳ ಮುಂದೆ ನಿಂತಾಗ ಅಂದವನ್ನು ಮಾತ್ರ ನೋಡದೆ, ಇದರಲ್ಲಿ ಹಳೆಯದೆಷ್ಟು, ಹೊಸದೆಷ್ಟು, ಯಾರು ಎಂದು ಬದಲಿಸಿದರು ಎಂದು ಕೇಳುವಂತಾಗಬೇಕು. ಗಾಡಿಯನ್ನು ಬಿಚ್ಚುವ ಮೊದಲು ಛಾಯಾಚಿತ್ರ ತೆಗೆಯುವುದು, ತೆಗೆದ ಭಾಗಗಳನ್ನು ಎಸೆಯದೆ ಹೆಸರು ಬರೆದಿಡುವುದು, ಹೊಸ ಭಾಗದ ಮೇಲೆ ವರ್ಷವನ್ನು ಗುರುತಿಸುವುದು, ದುರಸ್ತಿ ಮಾಡಿದ ಕುಶಲಕರ್ಮಿಯ ಹೆಸರನ್ನೂ ಅವನು ಹೇಳಿದ ಮಾತನ್ನೂ ಟಿಪ್ಪಣಿ ಪುಸ್ತಕದಲ್ಲಿ ಸೇರಿಸುವುದು ಹೆಚ್ಚು ಖರ್ಚಿನ ಕೆಲಸಗಳಲ್ಲ. ಹಳೆಯ ಎಂಜಿನುಗಳನ್ನು ಕೈಯಾರೆ ಬಲ್ಲ ಹಿರಿಯ ಮೆಕ್ಯಾನಿಕರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ತಿಳಿವಳಿಕೆ ಬರವಣಿಗೆಗೆ ಇಳಿಯದಿದ್ದರೆ ಅವರೊಡನೆಯೇ ಅಳಿಯುತ್ತದೆ. ಜೀರ್ಣೋದ್ಧಾರವು ಗಾಡಿಯನ್ನು ಉಳಿಸುತ್ತದೆ. ಅದರ ಚರಿತ್ರೆಯನ್ನು ಉಳಿಸುವುದು ಆ ಟಿಪ್ಪಣಿ ಪುಸ್ತಕ. ಅದನ್ನು ಬರೆಯುವ ಅಭ್ಯಾಸವನ್ನು ನಮ್ಮ ಹವ್ಯಾಸಿಗಳಲ್ಲಿ ಬೆಳೆಸಲು ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ನೆರವಾಗಬಲ್ಲರೆಂದು ನಾವು ನಂಬುತ್ತೇವೆ.