ಶರಾವತಿ ಸೇತುವೆಯ ಮೇಲೆ ಆರುವ ದೀಪ

ನಮ್ಮ ದೊಡ್ಡಪ್ಪನ ಅಂಬಾಸಿಡರ್ 1978ರದ್ದು, ಮಾರ್ಕ್ 3. ಸಂಜೆ ಭಟ್ಕಳ ಬಿಟ್ಟರೆ ಮುರ್ಡೇಶ್ವರ, ಮಂಕಿ ದಾಟುವವರೆಗೂ ಹೆಡ್‌ಲೈಟು ಚೆನ್ನಾಗಿಯೇ ಉರಿಯುತ್ತಿತ್ತು. ಹೊನ್ನಾವರದ ಶರಾವತಿ ಸೇತುವೆ ಹತ್ತಿದೊಡನೆ ಮಂಕಾಗುವುದು, ಒಮ್ಮೊಮ್ಮೆ ಆರಿಯೇಬಿಡುವುದು. ಗ್ಯಾರೇಜಿಗೆ ಒಯ್ದರೆ ದೋಷವೇ ಇಲ್ಲ! ಒಂದು ರಾತ್ರಿ ಎದುರಿಂದ ಲಾರಿ ಬರುವಾಗ ಎರಡೂ ದೀಪ ಆರಿದವು. ಮರುದಿನ ದೊಡ್ಡಪ್ಪ ಗುಜರಿಯವನಿಗೆ ಫೋನು ಮಾಡಿದರು. ಕರಾವಳಿಯ ಸಾರಿಗೆ ಇತಿಹಾಸದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಒಂದು ವಾರದ ಗಡುವು ಬೇಡಿದೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರೇ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆದದ್ದು. 2014ರಲ್ಲಿ ಅದರ ತಯಾರಿಕೆ ನಿಂತಿತು. ಆ ಕಾಲದ ಇಂಗ್ಲಿಷ್ ಕಾರುಗಳ ವಿದ್ಯುತ್ ಭಾಗಗಳೆಂದರೆ ಹೆಚ್ಚಾಗಿ ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಕಂಪನಿಯವು. ಅದನ್ನು ಕಟ್ಟಿದ ಜೋಸೆಫ್ ಲ್ಯೂಕಸ್ ಮೊದಲು ಸೀಮೆಎಣ್ಣೆ ಮಾರುತ್ತಿದ್ದವರು. 1961ರಲ್ಲಿ ಮದರಾಸಿನಲ್ಲಿ ಲ್ಯೂಕಸ್-ಟಿವಿಎಸ್ ಶುರುವಾಯಿತು. ಇಂಗ್ಲಿಷ್ ಚಾಲಕರು ಲ್ಯೂಕಸನ್ನು ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುತ್ತಿದ್ದರು. ಓದಿದವನ ಅವಸರ ನೋಡಿ, ನಾನೂ ತಪ್ಪನ್ನು ಅಲ್ಲಿಗೇ ಕಟ್ಟಿದೆ.

ಲ್ಯೂಕಸ್ ಪದ್ಧತಿಯಲ್ಲಿ ಪ್ರತಿ ವಯರಿನ ಬಣ್ಣಕ್ಕೂ ಅರ್ಥವಿದೆ. ಕಂದು ಬ್ಯಾಟರಿಯಿಂದ ನೇರವಾಗಿ ಬರುವುದು, ಬಿಳಿ ಇಗ್ನಿಷನ್ನಿನದು, ನೀಲಿ ಹೆಡ್‌ಲೈಟಿನದು, ಕಪ್ಪು ಅರ್ತಿಂಗ್. ಬಾನೆಟ್ ಎತ್ತಿದರೆ ಆ ಭಾಷೆ ಅರ್ಧ ಅಳಿಸಿಹೋಗಿತ್ತು. ನೀಲಿ ವಯರಿಗೆ ಯಾರೋ ಹಳದಿ ತುಂಡು ಸೇರಿಸಿದ್ದರು. ಗಲ್ಫಿನಿಂದ ಬಂದ ನೆಂಟರು ತಂದುಕೊಟ್ಟ ಟೇಪ್‌ರೆಕಾರ್ಡರಿನ ವಯರು, ಟೇಪ್‌ರೆಕಾರ್ಡರ್ ಹೋದ ಮೇಲೂ ಉಳಿದಿತ್ತು. ಪದರ ಪದರವಾಗಿ ನಲವತ್ತು ವರ್ಷದ ರಿಪೇರಿ. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ದೋಷ ಮಾತ್ರ ಸಿಗಲಿಲ್ಲ.

ಕುಮಟೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ನನ್ನ ನೋಟ್‌ಬುಕ್ ಪಕ್ಕಕ್ಕಿಟ್ಟು ದೊಡ್ಡಪ್ಪನನ್ನು ಕೇಳಿದರು: “ಇಂಡಿಕೇಟರ್ ಹಾಕಿದ್ರೆ ಹೆಡ್‌ಲೈಟೂ ಮಿಣುಕ್ತದಾ?” ಹೌದು ಎಂದರು ದೊಡ್ಡಪ್ಪ. ನಾನು ಅವರನ್ನು ಏನೂ ಕೇಳಿರಲೇ ಇಲ್ಲ.

“ಹಂಗಾದ್ರೆ ತಮ್ಮಾ, ಹೋಗೂ ದಾರಿ ಬಿಡು, ಬರೂ ದಾರಿ ನೋಡುವಾ.”

ಕಾರಿನಲ್ಲಿ ಕರೆಂಟು ದೀಪಕ್ಕೆ ಹೋಗುವುದು ವಯರಿನಲ್ಲಿ, ಬ್ಯಾಟರಿಗೆ ಮರಳುವುದು ಬಾಡಿಯ ತಗಡಿನ ಮೂಲಕ. ಮರಳುವ ದಾರಿ ಕೆಟ್ಟರೆ ಅದು ಪಕ್ಕದ ಬಲ್ಬಿನೊಳಗಿಂದ ದಾರಿ ಹುಡುಕುತ್ತದೆ. ಅದಕ್ಕೇ ಎರಡೂ ಒಟ್ಟಿಗೆ ಮಿಣುಕುವುದು. ಅವರು ಹೆಡ್‌ಲೈಟು ಹಾಕಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೂ ಇನ್ನೊಂದನ್ನು ದೀಪದ ಕಪ್ಪು ವಯರಿಗೂ ಹಿಡಿದರು. ಹೆಚ್ಚುಕಡಿಮೆ ಸೊನ್ನೆ. ಗ್ಯಾರೇಜಿನಲ್ಲಿ ಎಲ್ಲರಿಗೂ ಕಂಡದ್ದು ಇದೇ. ಆಮೇಲೆ ಮಡ್‌ಗಾರ್ಡನ್ನು ಮುಷ್ಟಿಯಿಂದ ಗುದ್ದಿದರು. ಮುಳ್ಳು 3 ವೋಲ್ಟಿಗೆ ಜಿಗಿಯಿತು, ದೀಪ ಮಂಕಾಯಿತು.

ಸೇತುವೆಯ ಜೋಡಣೆಗಳ ಮೇಲೆ ಚಕ್ರ ದಡಕ್ಕೆನ್ನುವುದೂ ಈ ಗುದ್ದೂ ಒಂದೇ.

ಅರ್ತಿಂಗ್ ಬೋಲ್ಟು ಸಿಕ್ಕಿದ್ದು ಬಣ್ಣದ ಕೆಳಗೆ. ಹಿಂದೊಮ್ಮೆ ಪೇಂಟ್ ಹೊಡೆದವರು ಅದನ್ನೂ ಸೇರಿಸಿ ಹೊಡೆದಿದ್ದರು. ಒಳಗೆಲ್ಲ ತುಕ್ಕು. ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವ ಕರಾವಳಿಯಿದು. ಇಲ್ಲಿನ ಗಾಳಿಗೆ ತಗಡಿನ ಒಂದು ಬಿರುಕು ಸಾಕು. ಲ್ಯೂಕಸಿನ ತಪ್ಪು ಏನೂ ಇರಲಿಲ್ಲ. ಅವರು ಉಪ್ಪುಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿ, ಹೊಸ ಬೋಲ್ಟು ಬಿಗಿದು, ಮೇಲೆ ಗ್ರೀಸ್ ಹಚ್ಚಿದರು. ಮತ್ತೆ ಗುದ್ದಿದಾಗ ಮುಳ್ಳು ಅಲ್ಲಾಡಲಿಲ್ಲ.

ಕತ್ತಲಾದ ಮೇಲೆ ಹಳದೀಪುರ, ಕರ್ಕಿ ಮಾರ್ಗವಾಗಿ ಹಿಂದಿರುಗಿದೆವು. ಸೇತುವೆಯುದ್ದಕ್ಕೂ ದಡಕ್, ದಡಕ್. ಬೆಳಕು ಕದಲಲಿಲ್ಲ. ಪಕ್ಕದಲ್ಲಿ ಕೂತ ದೊಡ್ಡಪ್ಪ ಕಾಸರಕೋಡು ದಾಟುವವರೆಗೂ ಟಾರ್ಚನ್ನು ಕೈಯಿಂದ ಬಿಡಲಿಲ್ಲ.