ನಿರುದ್ಯೋಗ ನೆರವು ಮತ್ತು ಅಂಗವೈಕಲ್ಯ ಪಿಂಚಣಿ: ಬ್ರಿಟನ್ನಿನ ಲೆಕ್ಕಾಚಾರ

ನಿರುದ್ಯೋಗಿಗಳಿಗೆ ಸರಕಾರ ನೀಡುವ ನೆರವು ಎರಡು ಬಗೆಯದು. ದುಡಿಮೆಯ ಕಾಲದಲ್ಲಿ ಕಟ್ಟಿದ ವಿಮಾ ಕಂತಿನ ಫಲವಾಗಿ ದೊರೆಯುವುದು ಒಂದು. ಕುಟುಂಬದ ಆದಾಯ ಹಾಗೂ ಉಳಿತಾಯವನ್ನು ಪರಿಶೀಲಿಸಿ ನೀಡುವುದು ಇನ್ನೊಂದು. ಅರ್ಜಿದಾರರಿಗೆ ಈಗಾಗಲೇ ಬರುತ್ತಿರುವ ಅಂಗವೈಕಲ್ಯ ಪಿಂಚಣಿಯನ್ನು ಆದಾಯವೆಂದು ಎಣಿಸಬೇಕೇ ಎಂಬ ಪ್ರಶ್ನೆ ಏಳುವುದು ಎರಡನೆಯದರಲ್ಲಿ. ಬ್ರಿಟನ್ನಿನ ನಿಯಮಗಳು ಇದಕ್ಕೆ ಒಂದೇ ಉತ್ತರವನ್ನು ನೀಡುವುದಿಲ್ಲ.

ಅಲ್ಲಿ 1996ರಲ್ಲಿ ಜಾಬ್‌ಸೀಕರ್ಸ್ ಅಲೋಯನ್ಸ್ ಜಾರಿಗೆ ಬಂದಿತು. ಅದರ ಆದಾಯಾಧಾರಿತ ಭಾಗದ ಸ್ಥಾನವನ್ನು 2013ರಿಂದ ಹಂತಹಂತವಾಗಿ ಯೂನಿವರ್ಸಲ್ ಕ್ರೆಡಿಟ್ ವಹಿಸಿಕೊಂಡಿತು. ಸಾಮಾನ್ಯವಾಗಿ 16,000 ಪೌಂಡಿಗೂ ಹೆಚ್ಚು ಉಳಿತಾಯವುಳ್ಳವರಿಗೆ ಇದು ದೊರೆಯದು. 6,000 ಪೌಂಡಿನವರೆಗಿನ ಉಳಿತಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪಿಂಚಣಿಗಳಲ್ಲಿ ಮುಖ್ಯವಾಗಿ ಮೂರು ವಿಧಗಳನ್ನು ಗಮನಿಸಬೇಕು.

1. ಹೆಚ್ಚುವರಿ ವೆಚ್ಚದ ನೆರವು: ದೈನಂದಿನ ಆರೈಕೆಗೂ ಓಡಾಟಕ್ಕೂ ತಗಲುವ ವೆಚ್ಚಕ್ಕಾಗಿ 2013ರಲ್ಲಿ ಆರಂಭವಾದ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಈ ವರ್ಗಕ್ಕೆ ಸೇರುತ್ತದೆ. ಇದನ್ನು ಆದಾಯವೆಂದು ಎಣಿಸುವುದೇ ಇಲ್ಲ.

2. ಯುದ್ಧ ಗಾಯಾಳುಗಳ ಪಿಂಚಣಿ: ಹಳೆಯ ಆದಾಯಾಧಾರಿತ ಭತ್ಯೆಯಲ್ಲಿ ವಾರಕ್ಕೆ 10 ಪೌಂಡ್ ಮಾತ್ರ ವಿನಾಯಿತಿಯಿತ್ತು. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಪೂರ್ಣ ವಿನಾಯಿತಿಯಿದೆ.

3. ಕೈಗಾರಿಕಾ ಗಾಯದ ಪಿಂಚಣಿ: ಕೆಲಸದ ಅಪಘಾತದಿಂದಲೋ ವೃತ್ತಿಜನ್ಯ ರೋಗದಿಂದಲೋ ಸಾಮಾನ್ಯವಾಗಿ ಶೇ. 14 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಉಂಟಾದವರಿಗೆ ಇದು ಸಲ್ಲುತ್ತದೆ. ಇದರ ಮೂಲ ಮೊತ್ತವನ್ನು ಹಿಂದೆಯೂ ಪೂರ್ತಿಯಾಗಿ ಕಳೆಯಲಾಗುತ್ತಿತ್ತು; ಈಗಲೂ ಕಳೆಯಲಾಗುತ್ತಿದೆ. ನಿರಂತರ ಆರೈಕೆಗಾಗಿ ಸೇರಿಸುವ ಹೆಚ್ಚುವರಿ ಹಣಕ್ಕೆ ಮಾತ್ರ ವಿನಾಯಿತಿಯಿದೆ.

ಇದರ ಪರಿಣಾಮವನ್ನು ಅಂಕಿಗಳಲ್ಲೇ ಕಾಣಬಹುದು. ವಿನಾಯಿತಿಯ ಮಿತಿ ದಾಟಿದ ಬಳಿಕ ದುಡಿದು 100 ಪೌಂಡ್ ಗಳಿಸಿದರೆ, 2021ರಿಂದ ಜಾರಿಯಲ್ಲಿರುವ ದರದಂತೆ ನೆರವಿನಲ್ಲಿ 55 ಪೌಂಡ್ ಕಡಿತವಾಗುತ್ತದೆ. ಕಾರ್ಖಾನೆಯಲ್ಲಿ ಕೈ ಕಳೆದುಕೊಂಡುದಕ್ಕಾಗಿ ಬರುವ 100 ಪೌಂಡಿಗೆ ಪೂರ್ತಿ 100 ಪೌಂಡ್ ಕಡಿತ! ನಿಯಮಗಳು ವೈಕಲ್ಯದ ತೀವ್ರತೆಯನ್ನಲ್ಲ, ಹಣ ಯಾವ ಹೆಸರಿನಲ್ಲಿ ಬರುತ್ತದೆ ಎಂಬುದನ್ನು ನೋಡುತ್ತವೆ. ಆರೈಕೆಯ ವೆಚ್ಚವನ್ನು ಬಿಟ್ಟುಕೊಡುವ ಕಾನೂನು, ಕಳೆದುಹೋದ ಅಂಗಕ್ಕೆ ಸಂದ ಪರಿಹಾರವನ್ನು ಹೊಟ್ಟೆಪಾಡಿನ ಹಣವೆಂದೇ ಭಾವಿಸುತ್ತದೆ.

ಬ್ರಿಟನ್ನಿನಲ್ಲಿ ಮಕ್ಕಳೋ ಬಂಧುಗಳೋ ಇರುವ ನಮ್ಮ ಕುಟುಂಬಗಳು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಉದ್ಯೋಗದ ವೀಸಾದ ಮೇಲೆ ಹೋದವರಿಗೆ, ಶಾಶ್ವತ ವಾಸದ ಹಕ್ಕು ದೊರೆಯುವ ತನಕ, ಯೂನಿವರ್ಸಲ್ ಕ್ರೆಡಿಟ್ ಸಾಮಾನ್ಯವಾಗಿ ಲಭ್ಯವಿಲ್ಲ. ಅರ್ಹರಾದವರು ತಮಗೆ ಬರುವ ಪ್ರತಿಯೊಂದು ಪಿಂಚಣಿಯನ್ನೂ ಅರ್ಜಿಯಲ್ಲಿ ಕೇಳಿದಂತೆ ಹೆಸರು ಸಹಿತ ನಮೂದಿಸುವುದು ಲೇಸು. ಮರೆತರೆ, ಹೆಚ್ಚಾಗಿ ಸಂದ ಹಣವನ್ನು ಮುಂದೆ ಹಿಂತಿರುಗಿಸಬೇಕಾದೀತು.